ರೈಫಲ್ಲಿನ ಏಳು ದೋಷಗಳು, ಪಟ್ಟಿಯಲ್ಲಿಲ್ಲದ ಇನ್ನೊಂದು

೧

ಚಳಿ ಇನ್ನೇನು ಮುಗಿಯುತ್ತಿದ್ದ ಕಾಲ, ಬೆಳಗಿನ ಏಳೂಕಾಲು ಗಂಟೆ. ಶೂಟಿಂಗ್ ಕ್ಲಬ್ಬಿನ ಬಾಗಿಲು...

ಹೀಗೆ ಶುರು ಮಾಡಲೇ? ಕಾಲ ಸರಿಯಾಗಿದೆ, ಗಂಟೆಯೂ ಸರಿಯಾಗಿದೆ. ಆದರೆ ಮುಂದೆ ಬಾಗಿಲು ತೆಗೆದವರು ಯಾರು ಎಂದು ಬರೆಯಬೇಕಾಗುತ್ತದೆ. ಅಲ್ಲಿ ಪೆನ್ನು ನಿಂತುಬಿಡುತ್ತದೆ. ಬಾಗಿಲು ತಾನೇ ತೆರೆದುಕೊಂಡಿತು ಎಂದು ಬರೆದುಬಿಡುತ್ತೇನೆ. (ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಓದಿದವರ ಕಥೆಗಳಲ್ಲಿ ಬಾಗಿಲುಗಳು ತಾವೇ ತೆರೆದುಕೊಳ್ಳುತ್ತವಂತೆ. ನನ್ನದರಲ್ಲೂ ತೆರೆದುಕೊಳ್ಳಲಿ, ಏನೀಗ?)

ತೆರೆದ ಬಾಗಿಲಿನಿಂದ ಟೈಲರಮ್ಮ ಒಳಗೆ ಬಂದಳು. ಕಪಾಟಿನಿಂದ ತನ್ನ ರೈಫಲ್ ಎತ್ತಿಕೊಂಡಳು. ಕೊಂಡು ಮೂರು ತಿಂಗಳಾಗಿತ್ತು. ಗುರಿ ಸ್ಪರ್ಧೆಗೆಂದೇ ಮಾಡಿದ್ದು, ಆದರೆ ಅಂಥವುಗಳಲ್ಲೆಲ್ಲ ಅಗ್ಗದ್ದು. ಒಂದು ಸಲಕ್ಕೆ ಒಂದೇ ಗುಂಡು ತುಂಬಬೇಕು. ಅವಳು ಚಾಪೆಯ ಮೇಲೆ ಬೋರಲು ಮಲಗಿ, ಐವತ್ತು ಮೀಟರ್ ಆಚೆಯ ಕಾಗದಕ್ಕೆ ಐದು ಗುಂಡು ಹೊಡೆದಳು. ಕೋಳಿಗೆ ಕಾಳು ಎರಚಿದ ಹಾಗೆ ಐದೂ ಐದು ಕಡೆ ಬಿದ್ದವು.

೨

ದೋಷ ಹುಡುಕುವುದಕ್ಕೆ ಕ್ಲಬ್ಬಿನಲ್ಲಿ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯದು. ಆದ್ದರಿಂದ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಲಾಯಿತು.

ಮೊದಲು ಸ್ಕ್ರೂ. ಮರದ ಹಿಡಿಗೆ ಕಬ್ಬಿಣವನ್ನು ಕಚ್ಚಿಸುವ ಎರಡು ಸ್ಕ್ರೂಗಳನ್ನು ಒಂದೇ ಸಮ ಬಿಗಿಗೊಳಿಸಲಾಯಿತು. ಆಮೇಲೆ ಗುರಿ ನೋಡುವ ಕಿಂಡಿ. ಅದು ಅಲುಗುತ್ತಿದೆಯೇ ಎಂದು ಉಗುರಿನಿಂದ ತಟ್ಟಿ ನೋಡಲಾಯಿತು. ಮೂರನೆಯದು ಮರ. ನಳಿಗೆಗೂ ಮರಕ್ಕೂ ನಡುವೆ ಕಾಗದದ ಚೂರು ತೂರಿಸಿ ಎಳೆಯಲಾಯಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಾಲ್ಕನೆಯದು...

"ಅಜ್ಜಾ, ಏನಿದು ಲಾಯಿತು ಲಾಯಿತು? ಸ್ಕ್ರೂ ತಂತಾನೇ ತಿರುಗ್ತಾ?"

(ಟೈಲರಮ್ಮ. ಹಾಳೆಯ ಮೇಲೆ ಬಗ್ಗಿ ಓದುತ್ತಿದ್ದಾಳೆ. ಕಥೆಯೊಳಗಿನವರು ಕಥೆ ಓದಬಾರದೆಂದು ಯಾರೂ ಅವಳಿಗೆ ಹೇಳಿಲ್ಲ.)

"ನಿನ್ನ ಕಥೆ ತಾಯಿ ಇದು. ನಡುವೆ ನಾನ್ಯಾಕೆ?"

"ನಾನು ಹೊಲಿದ್ರೆ ನೂಲು ಕಾಣ್ಬಾರ್ದು, ನಿಜ. ನೂಲೇ ಇಲ್ಲ ಅಂದ್ರೆ ತೋಳು ಕಳಚಿ ಕೈಗೆ ಬರತ್ತೆ."

೪

(ಮೂರನೆಯ ಭಾಗವನ್ನು ಹರಿದುಹಾಕಿದೆ. ಅದರಲ್ಲಿ ರೈಫಲ್ಲೇ ಮಾತಾಡುತ್ತಿತ್ತು. ಹೊಸ ಥರ ಎಂದುಕೊಂಡಿದ್ದೆ. ಎರಡು ಸಾಲಿಗೇ ನನಗೇ ನಾಚಿಕೆಯಾಯಿತು.)

ಪಟ್ಟಿಯಲ್ಲಿ ಆರು ದೋಷಗಳಿದ್ದವು: ಸ್ಕ್ರೂ, ಕಿಂಡಿ, ಮರ, ಗುಂಡು, ಟ್ರಿಗರ್, ಗಾಳಿ. ಒಂದೊಂದಾಗಿ ನೋಡಿ ಆರಕ್ಕೂ ಗೀಟು ಎಳೆದಾಗ ಟೈಲರಮ್ಮ ಪೆನ್ನು ಕಸಿದುಕೊಂಡು ಏಳನೆಯದನ್ನು ತಾನೇ ಬರೆದಳು: ಕೈ.

"ಇದನ್ನ ಬರೀಬೇಡಿ ಅಜ್ಜಾ."

"ಬರೀದಿದ್ರೆ ಓದೋರಿಗೆ ಏನು ಗೊತ್ತಾಗ್ಬೇಕು?"

"ಸರಿ, ಬರ್ಕೊಳ್ಳಿ. ಅಮ್ಮನ ಕಪ್ಪಿನ ವಿಷಯ ಮಾತ್ರ ಬೇಡ."

ಅವಳ ತಾಯಿಗೆ ನಲವತ್ತಕ್ಕೆ ಕೈ ನಡುಗಲು ಶುರುವಾಯಿತು, ಮತ್ತೆ ನಿಲ್ಲಲಿಲ್ಲ. ಇವಳಿಗೀಗ ನಲವತ್ತೊಂದು. ಹೊಲಿದು ಬದುಕುವವಳು. ರೈಫಲ್ಲಿನಲ್ಲಿ ದೋಷ ಸಿಗದಿದ್ದರೆ ದೋಷ ಕೈಯಲ್ಲಿದೆ ಎಂದೇ ಅವಳ ಲೆಕ್ಕ. ಹಾಗಾದ ದಿನ, ಇನ್ನೊಬ್ಬರ ಬಟ್ಟೆಗೆ ತಪ್ಪು ಕತ್ತರಿ ಹಾಕುವ ಮೊದಲೇ ಹೊಲಿಗೆ ಯಂತ್ರ ಮಾರಿಬಿಡುವುದೆಂದು ನಿಶ್ಚಯಿಸಿದ್ದಳು. (ಕಪ್ಪಿನ ವಿಷಯ ಬಿಟ್ಟಿದ್ದೇನೆ. ನಡುಗುವ ಕೈಯಲ್ಲಿ ಸಾಸರಿನ ಮೇಲೆ ಕಪ್ಪು ಎಂಥ ಸದ್ದು ಮಾಡುತ್ತದೆಂದು ನಿಮಗೇ ಗೊತ್ತು.)

ರೈಫಲ್ಲನ್ನು ಮರಳಿನ ಮೂಟೆಯ ಮೇಲಿಟ್ಟು ಹೊಡೆದಾಗಲೂ ಗುಂಡುಗಳು ಚದುರಿದವು. ಅಷ್ಟಕ್ಕೇ ತಪ್ಪು ಕೈಯದಲ್ಲ ಎಂದು ಅವಳು ಒಪ್ಪಲಿಲ್ಲ. "ಟ್ರಿಗರ್ ಎಳೆಯೋದು ನನ್ನ ಬೆರಳೇ ಅಲ್ವಾ?"

ಆಗ ಕೋಚು ಮುಂದೆ ಬಂದ. ಕತ್ತಿನಲ್ಲಿ ಸದಾ ಸೀಟಿ ತೂಗಿಸಿಕೊಂಡಿರುವ ಮನುಷ್ಯ. "ತನ್ನಿ ಇಲ್ಲಿ, ನಾನು ನೋಡ್ತೀನಿ," ಎಂದು ಅವಳ ದಿನದ ಹದಿನೈದು ಗುಂಡು ಮುಗಿದ ಮೇಲೆ ಮಲಗಿದ. ಕೈ ಕೂರಲಿ ಎಂದು ಹತ್ತು ಹೊಡೆದ. ಆಮೇಲೆ ಲೆಕ್ಕಕ್ಕೆ ಐದು. ಐದೂ ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು.

"ರೈಫಲ್ ಸರಿಯಾಗೇ ಇದೆಯಲ್ಲ ಮೇಡಂ!" ಎಂದ. ಸಂತೋಷದ ಸುದ್ದಿ ಹೇಳುತ್ತಿದ್ದೇನೆಂದೇ ಅವನು ತಿಳಿದಿದ್ದ.

ಟೈಲರಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

೧ (ಮತ್ತೆ)

ಚಳಿ ಇನ್ನೇನು ಮುಗಿಯುತ್ತಿದ್ದ ಕಾಲ, ಬೆಳಗಿನ ಏಳೂಕಾಲು ಗಂಟೆ. ಬಾಗಿಲು ತೆಗೆದವನು ನಾನು.

ನಲವತ್ತು ವರ್ಷದಿಂದ ತೆಗೆಯುತ್ತಿದ್ದೇನೆ. ಕಾಗದ ಕಟ್ಟುತ್ತೇನೆ, ನೆಲ ಗುಡಿಸುತ್ತೇನೆ, ನಳಿಗೆ ಒರೆಸುತ್ತೇನೆ. ಕ್ಲಬ್ಬಿನ ರೈಫಲ್ಲುಗಳನ್ನು ಭಾನುವಾರ ಮಾತ್ರ. ಟೈಲರಮ್ಮನದನ್ನು ದಿನಾ, ಅವಳು ಹೋದ ಮೇಲೆ, ಎಣ್ಣೆಬಟ್ಟೆ ಪೋಣಿಸಿ ಪೋಣಿಸಿ ಎಳೆದು, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಳಗೆ ಬೆಳಕು ಉಂಗುರ ಉಂಗುರವಾಗಿ ಸುತ್ತಿಕೊಂಡು ದೂರಕ್ಕೆ ಹೋಗುತ್ತಿತ್ತು. ಅಗ್ಗದ ಕಬ್ಬಿಣದೊಳಗೆ ಅಂಥ ದಾರಿ! ಎಷ್ಟೋ ದಿನ ಕೆಲಸ ಮರೆತು ನೋಡುತ್ತಾ ನಿಂತಿದ್ದೇನೆ.

ಕೋಚು ಹೊಡೆದ ಮರುದಿನ ನನಗೆ ಜ್ವರ ಬಂತು. ಐದು ದಿನ ಮನೆಯಲ್ಲಿ ಮಲಗಿದೆ. ಆರನೆಯ ದಿನ ಹೋದರೆ ಟೈಲರಮ್ಮ ಐದು ದಿನದ ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ಮೊದಲನೆಯದರಲ್ಲಿ ಕೋಳಿಯ ಕಾಳು. ಎರಡನೆಯದರಲ್ಲಿ ಅಂಗೈಯಷ್ಟು. ಆಮೇಲಾಮೇಲೆ ಹತ್ತಿರ, ಇನ್ನೂ ಹತ್ತಿರ.

"ನೀವಿಲ್ದಿದ್ರೇ ಚೆನ್ನಾಗಿ ಹೊಡೀತೀನಿ ಅಂತ ಕಾಣತ್ತೆ. ಇನ್ನೆರಡು ದಿನ ಮಲಗಿ ಅಜ್ಜಾ!"

ನಕ್ಕಳು. ಕಾಗದಗಳನ್ನು ಮಾತ್ರ ಅವಳು ನಂಬಿರಲಿಲ್ಲ. ಮಧ್ಯೆ ನಾಲ್ಕು ಒಳ್ಳೆಯ ದಿನಗಳು ಅವಳ ತಾಯಿಗೂ ಬರುತ್ತಿದ್ದವಂತೆ.

ನಾನು ನಗಲಿಲ್ಲ. ಕಪಾಟಿನಿಂದ ರೈಫಲ್ ತೆಗೆದು ಬೆಳಕಿಗೆ ಹಿಡಿದೆ. ಉಂಗುರಗಳಿರಲಿಲ್ಲ. ಒಳಗೆಲ್ಲ ಮಂಕು. ಕೈ ತಾನಾಗಿ ಬಟ್ಟೆಗೆ ಹೋಯಿತು, ಹೋಗಿ ನಿಂತಿತು. ಗೋಡೆಯ ಮೇಲೆ ಪಟ್ಟಿ ಇತ್ತು. ಆರೂ ದೋಷಗಳನ್ನು ಬದಲಿಸಿ ನೋಡಿದವನು ನಾನು. ದಿನಾ ಬದಲಾಗದೆ ಇದ್ದವನೂ ನಾನೇ. ಪಟ್ಟಿಯಲ್ಲಿ ನಾನಿರಲಿಲ್ಲ.

(ಈ ಕಥೆಯ ಮೊದಲಲ್ಲೂ ಇರಲಿಲ್ಲ, ನೀವು ನೋಡಿದಿರಿ.)

೫

"ತಾಯಿ, ಇವತ್ತು ಹದಿನೈದು ಸಾಲದು. ಪೂರ್ತಿ ಡಬ್ಬಿ ಬಿಚ್ಚು."

ಅವಳ ಎದುರೇ ನಳಿಗೆಯನ್ನು ಫಳಫಳ ಒರೆಸಿಕೊಟ್ಟೆ. ಐದು ಹೊಡೆದಳು. ಕೋಳಿಯ ಕಾಳು. ಅವಳ ಬೆರಳು ಕಿಂಡಿಯ ತಿರುಪಿನ ಕಡೆ ಹೋಯಿತು.

"ಏನನ್ನೂ ಮುಟ್ಟಬೇಡ. ಹೊಡೀತಾ ಹೋಗು."

ಹತ್ತು. ಹದಿನೈದು. ಇಪ್ಪತ್ತು. ಪ್ರತಿ ಗುಂಡೂ ತನ್ನ ಮೈಮೇಲಿನ ಮೇಣವನ್ನು, ಸೀಸವನ್ನು ಚೂರು ಚೂರೇ ಒಳಗೆ ಸವರುತ್ತಾ ಹೋಗುತ್ತಿತ್ತು. ಆ ಪದರ ಕೂತ ಮೇಲೇ ಮುಂದಿನ ಗುಂಡು ನೇರ ಹೋಗುವುದು. ಒರಟು ನಳಿಗೆಗೆ ಇದು ಇನ್ನೂ ಹೆಚ್ಚು ಬೇಕು. ದಿನಾ ಹದಿನೈದು ಗುಂಡಿನಿಂದ ಅವಳು ಕೂರಿಸಿದ್ದನ್ನು ನಾನು ದಿನಾ ಉಜ್ಜಿ ತೆಗೆಯುತ್ತಿದ್ದೆ. ಕೋಚು ಲೆಕ್ಕದ ಐದು ಹೊಡೆಯುವ ಹೊತ್ತಿಗೆ ನಳಿಗೆಯೊಳಗೆ ಆಗಲೇ ಇಪ್ಪತ್ತೈದು ಗುಂಡು ಹೋಗಿದ್ದವು, ಅಷ್ಟೇ.

ಮೂವತ್ತಾದ ಮೇಲೆ ಹೊಸ ಕಾಗದ ಕಟ್ಟಿ ಬಂದೆ. ಐದು ಹೊಡೆದಳು. ನಾನು ಹೋಗಿ ತಂದೆ. ನಡೆದು ಬರುವಾಗ ಆ ಕಾಗದವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದೆ, ತುಂಬಿದ ಲೋಟ ಹಿಡಿದವನ ಹಾಗೆ.

ಇದ್ದದ್ದು ಒಂದೇ ತೂತು, ಅಂಚು ಹರಿದ ಒಂದೇ ತೂತು. ಕೊನೆಯ ಗುಂಡಿಗೆ ಹರಿಯಲು ಕಾಗದವೇ ಹೆಚ್ಚು ಉಳಿದಿರಲಿಲ್ಲ. ಕಣ್ಣಿಗೆ ಕಾಣದ ಒಂದು ಮೇಣದ ಪೊರೆ, ಐವತ್ತು ಮೀಟರ್, ಅದೇ ಜಾಗ, ಮತ್ತೆ ಅದೇ ಜಾಗ. ನಲವತ್ತು ವರ್ಷದಲ್ಲಿ ಸಾವಿರಾರು ಕಾಗದ ಬಿಚ್ಚಿದ್ದೇನೆ. ಇದೊಂದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದೆ.

ಟೈಲರಮ್ಮ ಚೀಲದಿಂದ ಒಂದು ಶರ್ಟಿನ ಬಟನ್ ತೆಗೆದು ತೂತಿನ ಮೇಲಿಟ್ಟಳು. ತೂತು ಮುಚ್ಚಿಹೋಯಿತು. ಎತ್ತಿದಳು. ಮತ್ತೆ ಇಟ್ಟಳು.

"ಮೂರು ತಿಂಗಳು ಅಜ್ಜಾ. ಸೂಜಿಗೆ ದಾರ ಪೋಣಿಸೋವಾಗೆಲ್ಲ ಕೈ ನೋಡ್ಕೊಂಡಿದೀನಿ."

"ತಪ್ಪಾಯ್ತು ತಾಯಿ."

"ಬೇರೆ ರೈಫಲ್ ಎಲ್ಲ ವಾರಕ್ಕೊಂದು ಸಲ ಒರೆಸ್ತೀರಿ. ನಂದ್ಯಾಕೆ ದಿನಾ?"

ನಾನು ಎಣ್ಣೆಬಟ್ಟೆಯನ್ನು ಕೈಯಲ್ಲಿ ತಿರುವುತ್ತಾ ಹೋದೆ. (ಉತ್ತರ ಬಂದಿತ್ತು. ಬರೆಯಲು ನಾಲ್ಕನೇ ಕ್ಲಾಸು ಸಾಲಲಿಲ್ಲ.)

ಮುಕ್ತಾಯಗಳು

ಕೋಚು ಹೇಳುತ್ತಾನೆ: "ಸ್ಪರ್ಧೇಲಿ ಫಸ್ಟ್ ಬಂದ್ರು ಅಂತ ಬರೀರಿ, ಓದೋರಿಗೆ ಖುಷಿಯಾಗತ್ತೆ." ಬರೆದು ನೋಡಿದೆ. ಅದರಲ್ಲಿ ಕೋಚಿನ ಸೀಟಿಯ ಸದ್ದೇ ಜಾಸ್ತಿಯಾಯಿತು. ಹೊಡೆದುಹಾಕಿದೆ.

ಇನ್ನೊಂದರಲ್ಲಿ ಎರಡು ವರ್ಷ ಕಳೆದು, ಒಂದು ಬೆಳಿಗ್ಗೆ, ಸೂಜಿಯ ಕಣ್ಣಿಗೆ ದಾರ ಸಿಗುವುದಿಲ್ಲ. ಅರ್ಧ ಸಾಲಿಗೆ ಟೈಲರಮ್ಮ ನನ್ನ ಪೆನ್ನಿನ ಮೇಲೆ ಕೈಯಿಟ್ಟಳು. ಆ ಕೈ ನಡುಗುತ್ತಿರಲಿಲ್ಲ, ಬೆಚ್ಚಗಿತ್ತು. ನಿಲ್ಲಿಸಿದೆ.

ಹಾಗಾದರೆ ಮುಂದೇನು ಎಂದು ನೀವು ಕೇಳುತ್ತೀರಿ. ನನಗೆ ತಿಳಿಯದು. ಆ ದಿನ ನಡೆದಷ್ಟನ್ನೇ ಹೇಳಬಲ್ಲೆ. ಅವಳು ಪೆನ್ನು ಹಿಡಿದು ಗೋಡೆಯ ಪಟ್ಟಿಯ ಮುಂದೆ ಹೋದಳು. ಏಳನೆಯದಕ್ಕೆ ಗೀಟು ಎಳೆಯುತ್ತಾಳೆಂದುಕೊಂಡೆ. ಎಳೆಯಲಿಲ್ಲ. "ಕೈ" ಎಂಬುದರ ಮುಂದೆ ಸಣ್ಣದಾಗಿ ಬರೆದಳು: ಇವತ್ತಿಗೆ ಅಲ್ಲ. ಅದರ ಕೆಳಗೆ ಎಂಟನೆಯದು: ಅಜ್ಜ.

ರೈಫಲ್ಲನ್ನು ಹೊಗೆ ಹಿಡಿದ ನಳಿಗೆಯ ಸಮೇತ ಕಪಾಟಿನಲ್ಲಿಟ್ಟಳು. ನನ್ನ ಕೈಯಿಂದ ಎಣ್ಣೆಬಟ್ಟೆಯನ್ನು ಕಿತ್ತುಕೊಂಡು, ಮಡಿಸಿ, ಬಟನ್ ಇದ್ದ ಚೀಲಕ್ಕೆ ಹಾಕಿಕೊಂಡಳು.

"ಶರ್ಟ್ ಹೊಲಿಯೋದು ನಾಲ್ಕಿದೆ," ಎಂದು ಹೊರಟುಹೋದಳು. ಅವತ್ತು ಶುಕ್ರವಾರ, ಒರೆಸುವ ಭಾನುವಾರಕ್ಕೆ ಇನ್ನೂ ಎರಡು ದಿನ.