ಗಾಜಿನ ಮೇಲಿನ ಹೆಬ್ಬೆಟ್ಟು

ಹಬೆ ಹಿಡಿದ ಗಾಜಿನ ಬಾಗಿಲ ಮೇಲೆ ಹೆಬ್ಬೆಟ್ಟಿನ ಗುರುತು, ಇನ್ಯಾರದು, ನಮ್ಮ ಸಾಹೇಬರದೇ, ನಿನ್ನೆ ನಾನು ಮನೆಗೆ ಹೊರಟದ್ದೇ ತಡ ಅತಿಥಿಗಳನ್ನು ಕರೆತಂದಿದ್ದಾರೆ, ನೋಡಿ, ಇಲ್ಲಿ ನಾವು ಕಣ್ಣು ಬೆಳೀತೀವಿ ಅಂತ — ಕಣ್ಣು ಬೆಳೆಯುವುದಕ್ಕೆ ಇದೇನು ಸೊಪ್ಪಿನ ಮಡಿಯೇ, ಬೆಳೆಯುವುದು ಕಣ್ಣುಗುಡ್ಡೆಯ ಮೇಲಿನ ತೆಳುಪದರ ಮಾತ್ರ, ಕೂದಲನ್ನು ನೂರು ಸಲ ಸೀಳಿದಷ್ಟು ಸಣ್ಣ ನೂಲಿನ ಬಲೆಯ ಮೇಲೆ, ಮೈಯಷ್ಟೇ ಬೆಚ್ಚಗಿರುವ ಈ ಪೆಟ್ಟಿಗೆಯೊಳಗೆ, ಗುಲಾಬಿ ಬಣ್ಣದ ದ್ರವ ಕುಡಿಸಿ ಕುಡಿಸಿ. ಕೈಗವಸಿಲ್ಲದೆ ಮುಟ್ಟಬೇಡಿ ಸಾರ್ ಎಂದು ಹಿಂದೆ ಎಷ್ಟು ಸಲ ಬಡಕೊಂಡಿದ್ದೇನೆ, ಒಂದು ನಿಮಿಷಕ್ಕೆ ಏನಾಗುತ್ತಮ್ಮಾ ಅಂತಾರೆ, ಏನಾದರೂ ಆದರೆ ಉತ್ತರ ಹೇಳಬೇಕಾದವಳು ನಾನು, ಅದೂ ಯಾರಿಗೆ, ನನ್ನ ಅತ್ತೆಗೆ — ಬಚ್ಚಲು ತೊಳೆಯುವ ಆಸಿಡ್ ಮುಟ್ಟಬೇಡಿ, ಬಂದು ನಾನೇ ತೊಳೀತೀನಿ ಅಂದಿದ್ದೆ, ನಿನ್ನ ಕಾಯ್ತಾ ಕೂತರೆ ಆದ ಹಾಗೇ ಇದೆ ಅಂದರು, ಎಡಗಣ್ಣು ಸುಟ್ಟುಕೊಂಡರು. ಇಲ್ಲಿ ಪದರ ಬೆಳೆಯುವುದಕ್ಕೆ ಬೀಜವಾಗಿ ಚೆನ್ನಾಗಿದ್ದ ಬಲಗಣ್ಣಿನ ಅಂಚಿನಿಂದ ಸಾಸಿವೆಯಷ್ಟು ಚೂರು ಕತ್ತರಿಸಿದಾಗ ಕಮಕ್ ಕಿಮಕ್ ಎನ್ನಲಿಲ್ಲ, ಆಮೇಲೆ ಶುರು, ದಿನಾ ಫೋನು, ಏನೇ, ನನ್ನ ಕಣ್ಣಿಗೆ ಊಟ ಹಾಕಿದ್ಯಾ, ನಿನ್ನ ಗಂಡಂಗೆ ಹಾಕೋ ಥರ ತಣ್ಣಗಿರೋದು ಹಾಕ್ಬೇಡ — ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ, ಬಿಸಿ ಮಾಡೇ ಹಾಕಿದೀನಿ ಅತ್ತೆ, ನಿಜವಾಗಿಯೂ ಬಿಸಿ ಮಾಡೇ ಹಾಕಿದ್ದೇನೆ, ಮಗುವಿಗೆ ಹಾಲು ಕಾಯಿಸಿದಂತೆ ಪ್ರತಿ ಸಲ, ಭಾನುವಾರವೂ ಬಂದು, ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದೇನೆ, ಇವತ್ತು ಮಧ್ಯಾಹ್ನ ಆಪರೇಷನ್ ಮುಗಿದುಬಿಟ್ಟರೆ ಸಾಕು, ಯಾಕೆಂದರೆ ಇನ್ನೊಂದು ಚೂರು ಕೇಳುವ ಹಾಗಿಲ್ಲ, ಮತ್ತೆ ಕತ್ತರಿಸಿದರೆ ಇರೋ ಕಣ್ಣಿಗೂ ಸಂಚಕಾರ ಅಂತ ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದಾರೆ.

ಹಾಳು ಗುರುತು, ಮೊದಲು ಇದನ್ನು ಒರೆಸುತ್ತೇನೆ, ಸ್ಪಿರಿಟ್ಟಿನ ಬಟ್ಟೆ ಎಲ್ಲಿ, ಒರೆಸಿದೆ, ಹೋಗಲಿಲ್ಲ, ಒತ್ತಿ ಒರೆಸಿದೆ, ಇದೇನು ಕೈಗೆ ಬೆಣ್ಣೆ ಸವರಿಕೊಂಡು ಬಂದಿದ್ದರೇ ಈ ಮನುಷ್ಯ — ಇಲ್ಲ, ಬೆಣ್ಣೆಯಲ್ಲ, ಗುರುತು ಗಾಜಿನ ಒಳಬದಿಯಲ್ಲಿದೆ. ಅಂದರೆ ಬಾಗಿಲು ತೆಗೆದಿದ್ದಾರೆ, ಬರಿಗೈ ಒಳಗೆ ಹಾಕಿ ಅತ್ತೆಯ ಪದರವಿರುವ ತಟ್ಟೆ ಎತ್ತಿ, ಮುಚ್ಚಳ ಸರಿಸಿ, ನೋಡಿ ನೋಡಿ ಅಂತ — ಸೋಂಕು ತಗುಲಿದರೆ ಬೆಳಗಾಗುವುದರೊಳಗೆ ಗುಲಾಬಿ ದ್ರವ ಹಳದಿಯಾಗುತ್ತದೆ, ನೋಡಬೇಕು, ಹಬೆಯಲ್ಲಿ ಏನೂ ಕಾಣಿಸುತ್ತಿಲ್ಲ, ಆ ಹೆಬ್ಬೆಟ್ಟಿನಷ್ಟು ಜಾಗ ಮಾತ್ರ ತಿಳಿಯಾಗಿದೆ, ಬಗ್ಗಬೇಕು, ಬಗ್ಗಲಾರೆ, ಜೇಬಿನಲ್ಲಿ ಫೋನು, ಅತ್ತೆಯೇ, ಆಸ್ಪತ್ರೆಯ ಹಾಸಿಗೆಯಿಂದ, ಏನೇ, ನಂಗಂತೂ ಬೆಳಿಗ್ಗೆಯಿಂದ ಏನೂ ಕೊಟ್ಟಿಲ್ಲ, ನನ್ನ ಕಣ್ಣಿಗಾದರೂ ಊಟ ಹಾಕಿದ್ಯಾ — ಬಗ್ಗಿದೆ, ಹೆಬ್ಬೆಟ್ಟು, ಅದರ ಗೆರೆಗಳು, ಗೆರೆಗಳ ಹಿಂದೆ ತಟ್ಟೆ, ಹಳದಿ, ಹಾಕಿದೆ ಅತ್ತೆ, ಹೆಬ್ಬೆಟ್ಟು, ಹಳದಿ