ಹತ್ತು ದಿನದ ನೀರು

ದೀಪದ ಪಕ್ಕದ ತಂಬಿಗೆಗೆ ತಟ್ಟೆ ಮುಚ್ಚಲು ಹೋದ ಪ್ರಕೃತಿಯ ಕೈಯನ್ನು ಇಂದಿರಮ್ಮ ಹಿಡಿದುಕೊಂಡರು.

"ಮುಚ್ಚಬ್ಯಾಡ. ನಿಮ್ಮಮ್ಮ ನೀರಡಿಸಿ ಬಂದ್ರ ಏನು ಕುಡೀಬೇಕು?"

"ಅತ್ಯಾ, ಟೆನ್ ಡೇಸ್ ಹೀಗೇ ಇಡೋದಾ? ಅಮ್ಮ ಇದ್ದಿದ್ರೆ ಅಲೌ ಮಾಡ್ತಿದ್ಳಾ?"

"ಆಕಿ ಇದ್ದಿದ್ರ ಇದನ್ನ ಯಾಕ ಇಡ್ತಿದ್ದೆ?" ಎಂದು ಇಂದಿರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಹತ್ತು ದಿನ ಅಲುಗಾಡಿಸಬಾರ್ದು. ನೀರು ಇಳಿದಿದ್ರ ಆಕಿ ಬಂದು ಕುಡದಾಳ ಅಂತ ತಿಳೀಬೇಕು."

ಪ್ರಕೃತಿಯ ಅಮ್ಮ ಸುಲೋಚನಾ ಇಂದು ನಸುಕಿನಲ್ಲಿ ಚಹಾಕ್ಕೆ ಇಟ್ಟವರು ಒಲೆಯ ಮುಂದೆಯೇ ಕುಸಿದಿದ್ದರು. ಕಾಳಿಘಾಟ್ ಹತ್ತಿರದ ಸ್ಮಶಾನದಲ್ಲಿ ಎಲ್ಲ ಮುಗಿಸಿ, ಅಪ್ಪ ಮಗಳು ಬೆಹಾಲಾದ ಮನೆಗೆ ಬಂದು ಮಿಂದದ್ದು ಈಗಷ್ಟೇ.

"ಇರ್ಲಿ ಬಿಡವಾ. ಮುಟ್ಟಬ್ಯಾಡ," ಎಂದರು ಜಯತೀರ್ಥ.

ಪ್ರಕೃತಿ ಅಪ್ಪನನ್ನೇ ನೋಡಿದಳು. ರೈಲ್ವೆಯಲ್ಲಿ ಇಂಜಿನಿಯರ್ ಆಗಿದ್ದ ಮನುಷ್ಯ, ಬೆಕ್ಕು ಅಡ್ಡ ಬಂದರೆ ಅದಕ್ಕೇ ದಾರಿ ಬಿಟ್ಟು ನಗುತ್ತಿದ್ದವರು. ಇಂದು ತಂಬಿಗೆಯ ಅಂಚಿನಿಂದ ಕಣ್ಣು ಕೀಳುತ್ತಿಲ್ಲ. ಹೆಂಡತಿ ಬಿದ್ದಾಗ ಅವರು ಒಳಗೆ ನಿದ್ದೆಯಲ್ಲಿದ್ದರು. ಹೋಗಿಬರ್ತೀನಿ ಎಂಬ ಒಂದು ಮಾತೂ ಇಲ್ಲದೆ ಹೋದವಳು ಒಮ್ಮೆ ಬಂದಳು ಅಂತಾದರೂ ಗೊತ್ತಾಗಬೇಕಿತ್ತು ಅವರಿಗೆ. ನೀರು ಒಂದು ಬೆರಳು ಇಳಿದರೂ ಸಾಕಿತ್ತು.

*

ವರ್ಷಗಳ ಹಿಂದೆ, ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ಧಾರವಾಡದಿಂದ ಈ ಮನೆಗೆ ಬಂದಾಗ, ಇಲ್ಲಿ ದಿನಕ್ಕೆ ಮೂರು ಸಲ ನೀರು ಬರುತ್ತಿತ್ತು. ಆದರೂ ಸುಲೋಚನಾ ಮತ್ತು ಗಂಡನ ಅಕ್ಕ ಇಂದಿರಮ್ಮ ಸೇರಿ ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿಸಿಟ್ಟರು. ಯಾರನ್ನು ನಂಬಿದರೂ ನಳವನ್ನು ನಂಬಬಾರದೆಂಬುದು ಆ ಊರಿನ ಹೆಂಗಸರ ಪಾಲಿನ ವೇದವಾಕ್ಯ.

ಆ ವರ್ಷ ದುರ್ಗಾಪೂಜೆ ಮುಗಿಯುತ್ತಲೇ ಹನ್ನೆರಡರ ಪ್ರಕೃತಿ ಜ್ವರದಿಂದ ಮಲಗಿದಳು. ಡೆಂಗಿ. ಹುಡುಗಿ ಉಳಿದದ್ದೇ ಹೆಚ್ಚು. ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಗಂಡನೊಂದಿಗೆ ಬಂದಿದ್ದ ಸುಲೋಚನಾರ ಎದುರಿಗೇ, ವಾರ್ಡಿನ ಆರೋಗ್ಯ ಕಾರ್ಯಕರ್ತೆ ಬಚ್ಚಲಿನ ಡ್ರಮ್ಮಿಗೆ ಟಾರ್ಚ್ ಹಿಡಿದಳು. ಬೆಳಕಿಗೆ ಸೊಳ್ಳೆ ಮರಿಗಳು ಕುಣಿಯುತ್ತ ತಳಕ್ಕೆ ಇಳಿದವು.

"ಇವನ್ನ ನಾನs ಸಾಕಿದೆನಲ್ರೀ," ಎಂದು ಸುಲೋಚನಾ ಗಂಡನ ಮುಂದೆ ಅಲ್ಲೇ ಕುಳಿತುಬಿಟ್ಟರು.

ನೀರು ಚೆಲ್ಲಿದರೆ ಸಾಲದು, ತತ್ತಿ ಗೋಡೆಗೆ ಅಂಟಿಕೊಂಡಿರುತ್ತದೆ, ವಾರಕ್ಕೊಮ್ಮೆ ತಿಕ್ಕಿ ಒಣಗಿಸಬೇಕು ಎಂದು ಆ ಕಾರ್ಯಕರ್ತೆ ಹೇಳಿಹೋದದ್ದನ್ನು ಸುಲೋಚನಾ ವ್ರತದಂತೆ ಹಿಡಿದರು. ರವಿವಾರ ಬಂತೆಂದರೆ ಮನೆಯ ಪಾತ್ರೆಗಳು ಮುಗಿದ ಮೇಲೆ ಬೀದಿಗೆ ಇಳಿಯುತ್ತಿದ್ದರು. ಅವರಿವರ ಹೂಕುಂಡದ ತಟ್ಟೆ, ಮೆಕ್ಯಾನಿಕ್‌ನ ಹಳೆ ಟಯರು, ಚಹಾ ಕುಡಿದು ಎಸೆದ ಮಣ್ಣಿನ ಕುಡಿಕೆ, ಎಳನೀರು ಮಾರುವವನ ಬುರುಡೆ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಬಂಗಾಳಿ ನೆಟ್ಟಗೆ ಬಾರದು. ಜಗಳಕ್ಕೆ ಅದೇನು ಅಡ್ಡಿಯಾಗಲಿಲ್ಲ. ನೀರು ಚೆಲ್ಲುವ ಮಾಶಿ, ಅಂದರೆ ಚಿಕ್ಕಮ್ಮ, ಎಂದು ಬೀದಿಯೇ ಹೆಸರಿಟ್ಟಿತು.

"ಮಂದಿ ನಗ್ತಾರ. ಊರ ಮಂದಿ ನೀರಿನ ಉಸಾಬರಿ ನಿನಗ್ಯಾಕ?" ಎಂದು ಜಯತೀರ್ಥ ರೇಗುತ್ತಿದ್ದರು.

"ನಗ್ಲಿ ಬಿಡ್ರಿ. ನಗೂದ್ರಿಂದ ಜ್ವರ ಬರಂಗಿಲ್ಲ."

*

ಸಂಜೆಯ ಹೊತ್ತಿಗೆ ಕೆಳಮನೆಯ ಮಿತಾಲಿ ಹಾಲು, ಹಣ್ಣು ತಂದಿಟ್ಟಳು. ಸುಲೋಚನಾರ ಜೊತೆ ಹೂಕುಂಡದ ವಿಷಯಕ್ಕೆ ಎಷ್ಟೋ ಸಲ ಮಾತು ಬಿಟ್ಟವಳು. ಹಿಂದಿಯಲ್ಲಿ ಮೆಲ್ಲಗೆ, "ಇವತ್ತು ರವಿವಾರ ಅಲ್ವಾ ದಾದಾ, ನಮ್ಮದೆಲ್ಲ ನಾವೇ ಚೆಲ್ಲಿದ್ದೀವಿ. ಮಾಶಿ ಬರಲ್ಲವಲ್ಲ," ಎಂದು ಹೇಳಿ ಇಳಿದುಹೋದಳು.

ಜಯತೀರ್ಥ ಬಾಲ್ಕನಿಗೆ ಬಂದು ಕೆಳಗೆ ನೋಡಿದರು. ಮೆಟ್ಟಿಲ ಮೇಲೆ ಕುಂಡದ ತಟ್ಟೆಗಳು ಬೋರಲಾಗಿದ್ದವು. ಮೂಲೆಯಲ್ಲಿ ಎಳನೀರಿನವನು ಒಂದೊಂದೇ ಬುರುಡೆಯನ್ನು ನಾಲ್ಕಾಗಿ ಸೀಳಿ ಚೀಲಕ್ಕೆ ಹಾಕುತ್ತಿದ್ದ. ಆಕೆ ಬದುಕಿದ್ದಾಗ ಒಂದು ರವಿವಾರವೂ ಅವರು ಜೊತೆಗೆ ಇಳಿದಿರಲಿಲ್ಲ.

ಒಳಗೆ ಬಂದವರೇ ತಂಬಿಗೆ ಎತ್ತಿಕೊಂಡು, ನೀರನ್ನು ತುಳಸಿಗೆ ಸುರಿದರು.

"ಅಯ್ಯ! ಏನು ಮಾಡಿದ್ಯೋ? ಆಕಿ ಕುಡದದ್ದು ಇನ್ನ ಹೆಂಗ ಗೊತ್ತಾಗಬೇಕು?" ಎಂದು ಇಂದಿರಮ್ಮ ಎದ್ದುಬಂದರು.

"ಗೊತ್ತಾಗೂದು ಬ್ಯಾಡ ಅಕ್ಕಾ. ದಿನಾ ಹೊಸಾ ನೀರು ಇಡ್ತೀನಿ," ಎಂದರು ಜಯತೀರ್ಥ. "ನಿಂತ ನೀರು ಆಕಿ ಮುಟ್ಟಂಗಿಲ್ಲ."

ಹುಟ್ಟಿದಾಗಿನಿಂದ ಒಂದು ಲೋಟ ತೊಳೆದು ಗೊತ್ತಿಲ್ಲದ ಮನುಷ್ಯ ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ತಂಬಿಗೆಯ ಹೊರಮೈ ಉಜ್ಜತೊಡಗಿದರು. ಇಂದಿರಮ್ಮ ಅದನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಹುಣಸೆಹಣ್ಣಿನ ಚೂರು ತಂದು ತಮ್ಮನ ಅಂಗೈಯಲ್ಲಿಟ್ಟರು.

"ಹೊರಗಲ್ಲೋ, ಒಳಗ ತಿಕ್ಕು. ಕಂಠದಾಗ. ತತ್ತಿ ಅಲ್ಲೇ ಅಂಟಿರ್ತಾವ ಅಂತಿದ್ಲು ಆಕಿ."

ಜಯತೀರ್ಥ ಬೆರಳು ಮಡಚಿ ತಂಬಿಗೆಯ ಕಂಠದೊಳಗೆ ತೂರಿಸಿದರು. ಇಂದಿರಮ್ಮ ನಳ ತಿರುವಿ, ನೀರು ಬರುತ್ತಿದೆಯೇ ಎಂದು ನೋಡಿದರು.