ಒಣಗದ ಮುಚ್ಚಳ

ಸಂಗೀತದ ಮೇಡಂ ತಮ್ಮ ತಾತನ ಕಾಲದ ಫೋನೋಗ್ರಾಫಿನ ಪೆಟ್ಟಿಗೆ ತಂದಿಟ್ಟ ದಿನದಿಂದ ನಮ್ಮ ಯಜಮಾನರು ದಿನಾ ಗಡ್ಡ ಹೆರೆಯತೊಡಗಿದರು. ಅಲ್ಲಿಯವರೆಗೆ ಅವರ ಗಲ್ಲಕ್ಕೂ ಸ್ಯಾಂಡ್‌ಪೇಪರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಯಂತ್ರ ರಿಪೇರಿಗೆ ಬೇರೆ ಕಡೆ ಹೋಗಿತ್ತು. ನಮ್ಮಲ್ಲಿಗೆ ಬಂದದ್ದು ಬರೀ ಮರದ ಪೆಟ್ಟಿಗೆ. ಕಾಲು ಅಲ್ಲಾಡುತ್ತಿತ್ತು, ಹಿಂದಿನ ಹಲಗೆಗೆ ಹುಳ ಹಿಡಿದಿತ್ತು, ಮುಚ್ಚಳ ಮಸಿ ಹಿಡಿದ ಬಾಣಲೆಯ ಹಾಗಿತ್ತು. ಹಳೇ ಮರ ಸರಿಮಾಡುವುದೇ ನಮ್ಮ ಹೊಟ್ಟೆಪಾಡು. ಇವರು ಕೂಡಿಸುತ್ತಾರೆ, ಉಜ್ಜುತ್ತಾರೆ. ನಾನು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಸೋಸಿ, ಪಾಲಿಶ್ ಮಾಡಿಕೊಡುತ್ತೇನೆ.

ಮೇಡಂ ದಿನಾ ಸಂಜೆ ಪಾಠ ಮುಗಿಸಿ ಬರುತ್ತಿದ್ದರು. ನನ್ನ ಜೊತೆ ‘ಹೂಂ’, ‘ಉಹೂಂ’ಗಳಲ್ಲೇ ಸಂಸಾರ ಸಾಗಿಸಿದ ಗಂಡಸಿಗೆ ಆಗ ಎಲ್ಲಿಲ್ಲದ ಮಾತು ಬರುತ್ತಿತ್ತು.

“ಈ ಮರದ ಗೆರೆ ನೋಡಿ ಮೇಡಂ, ಹೊಳೆ ಹರಿದ ಹಾಗಿದೆ.”

ನಾನು ಟೀ ಲೋಟ ಕುಕ್ಕಿ ಒಳಗೆ ಹೋಗುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ನಾನು ಬೇರೆ ಹೆಸರು ಇಡುವುದಿಲ್ಲ. ನನ್ನನ್ನು ಮದುವೆಯಾದ ಮೇಲೆ ಈ ಮನುಷ್ಯ ಒಂದು ಹೊಳೆಯನ್ನಾದರೂ ನನಗೆ ತೋರಿಸಿದ್ದುಂಟೇ?

ಪೆಟ್ಟಿಗೆಯೆಲ್ಲ ಮುಗಿದರೂ ಮುಚ್ಚಳ ಮಾತ್ರ ಮುಗಿಯಲಿಲ್ಲ. “ಇನ್ನೂ ಒಣಗಿಲ್ಲ ಮೇಡಂ, ನಾಳೆ ನೋಡೋಣ” ಎನ್ನುತ್ತಿದ್ದರು. ಪಾಲಿಶ್ ಕಲಸಿದವಳು ನಾನು. ಒಣಗದೆ ಏನು ರೋಗ ಅದಕ್ಕೆ?

ಒಂದು ಮಧ್ಯಾಹ್ನ ಇಣುಕಿದೆ. ಮುಚ್ಚಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇವರು ಅದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ಮಂಕು ಮಾಡುತ್ತಿದ್ದರು, ಕದ್ದು ಸಕ್ಕರೆ ತಿನ್ನುವ ಮಗುವಿನಂತೆ ಅತ್ತಿತ್ತ ನೋಡುತ್ತ. ಕೆಲಸದಲ್ಲಿ ಒಂದು ಗೀರು ಬಿದ್ದರೆ ಊಟ ಬಿಡುವವರು! ನನ್ನ ಮೈಯೆಲ್ಲ ಉರಿದುಹೋಯಿತು. ಬಂದ ಹಾಗೇ ಒಳಗೆ ಹೋದೆ.

ಮರುದಿನ ಅವರು ಮರ ನೋಡಲು ಬೆಳಿಗ್ಗೆಯೇ ಹೊರಟರು. ಅವರು ತಿರುವು ದಾಟಿದ್ದೇ ತಡ, ನಾನು ಸೆರಗು ಸಿಕ್ಕಿಸಿ ಕೂತೆ. ತೆಳ್ಳಗೆ ಒಂದು ಸಲ ಬಳಿದು, ಒಣಗಿದ ಮೇಲೆ ಇನ್ನೊಂದು. ಮಧ್ಯಾಹ್ನ ಕಳೆದ ಮೇಲೆ ಮೇಡಂಗೆ ಫೋನ್ ಮಾಡಿದೆ.

ಅವರು ಗಾಡಿ ಮಾಡಿಕೊಂಡೇ ಬಂದರು. ಮುಚ್ಚಳದಲ್ಲಿ ತಮ್ಮ ಮುಖ ನೋಡಿಕೊಂಡು, “ಇದು ಯಾರ ಕೆಲಸ?” ಎಂದರು.

“ನಂದೇ.”

“ಇಂಥಾ ಕೈ ಸಿಗೋದು ಕಷ್ಟ ಕಣಮ್ಮ. ದಿನಾ ಬಂದು ತಲೆ ಮೇಲೆ ನಿಂತ್ಕೊಳ್ಳದೆ ಇದ್ರೆ ಮುಗಿಯೋದೇ ಇಲ್ಲ ಅಂತ ಬರ್ತಿದ್ದೆ. ನಿಮ್ಮ ಯಜಮಾನ್ರ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿತ್ತು.”

ಸಂಜೆ ಇವರು ಬಂದು ಬಾಗಿಲಲ್ಲೇ ನಿಂತರು. ಮರದ ಪುಡಿಯಲ್ಲಿ ಪೆಟ್ಟಿಗೆಯ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

“ಮುಚ್ಚಳ ಒಣಗಿರ್ಲಿಲ್ವಲ್ಲೇ.”

“ನಾನೇ ಮುಗಿಸಿ ಕೊಟ್ಟೆ. ನಿನ್ನೆಯೇ ಒಣಗಿತ್ತು ರೀ. ನೋಡಿದ್ದೀನಿ.”

ಅವರ ಮುಖ ಸಣ್ಣದಾಯಿತು. ಆಮೇಲೆ ಕೇಳಿದರು: “ಮೇಡಂ ಏನಾದ್ರೂ ಅಂದ್ರಾ?”

ಮೇಡಂ ಅಂದದ್ದು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಕುಸಿದು ಕೂರುತ್ತಿದ್ದರು. ಬೆಳಿಗ್ಗೆಯಿಂದ ನನಗೆ ಬೇಕಾಗಿದ್ದದ್ದೂ ಅದೇ.

“ಇಂಥಾ ಕೈ ಸಿಗೋದು ಕಷ್ಟ ಅಂದ್ರು,” ಎಂದೆ.

ಅವರ ಮುಖ ಅರಳಿತು. ನನ್ನ ಯಾವ ಮಾತಿಗೂ ಹಾಗೆ ಅರಳಿದ್ದಿಲ್ಲ. ಬೆಳಕಿಗೆ ಹಿಡಿದು ತಮ್ಮ ಅಂಗೈಯನ್ನೇ ನೋಡಿಕೊಂಡರು. ನನ್ನ ಬೆರಳುಗಳಿಗೆ ಅರಗಿನ ಕಲೆ ಇನ್ನೂ ಅಂಟಿತ್ತು. ಅದನ್ನು ಅವರು ನೋಡಲಿಲ್ಲ.